ಮಾನ ಯಾರದು, ರುಜುವಾತಿನ ಹೊರೆ ಯಾರ ಹೆಗಲಿಗೆ?



ಒಂದು ಹಾಸ್ಟೆಲು. ಯಾವ ಊರಿನದು ಅಂತ ಬರೆಯೋದಿಲ್ಲ. ಯಾಕೆ ಬರೆಯೋದಿಲ್ಲ ಅನ್ನೋದು ಓದ್ತಾ ಓದ್ತಾ ನಿಮಗೇ ತಿಳಿಯುತ್ತೆ. ಅಲ್ಲಿನ ಹುಡುಗರು ಒಂದು ರಾತ್ರಿ ಕೂತು ಕೆಂಪು ಇಂಕಿನಲ್ಲಿ ಪೋಸ್ಟರ್ ಬರೆದು ಊಟದ ಮನೆ ಗೋಡೆಗೆ ಅಂಟಿಸಿದರು. 'ಅಕ್ಕಿ ಕಳ್ಳ ವಾರ್ಡನ್‌ಗೆ ಧಿಕ್ಕಾರ. ನಮ್ಮ ಅನ್ನ ಕದ್ದು ಮನೆ ಕಟ್ಟಿದವನಿಗೆ ಧಿಕ್ಕಾರ.' ಬೆಳಗಾಗುವಷ್ಟರಲ್ಲಿ ಅದರ ಫೋಟೊ ವಾಟ್ಸಾಪಿನಲ್ಲಿ ತಾಲ್ಲೂಕೆಲ್ಲಾ ಸುತ್ತಿತು. ಒಂದು ವಾರ ಕಳೆಯಲಿಲ್ಲ, ಮೂವರು ಹುಡುಗರ ಹೆಸರಿಗೆ ವಕೀಲರ ನೋಟೀಸು. ನಮ್ಮ ಕಕ್ಷಿದಾರರು ಸಮಾಜದಲ್ಲಿ ಗಣ್ಯರು, ನಿಮ್ಮಿಂದ ಅವರ ಮಾನಕ್ಕೆ ನಷ್ಟವಾಗಿದೆ, ಬೇಷರತ್ತಾಗಿ ಕ್ಷಮೆ ಕೇಳಿ, ಐದು ಲಕ್ಷ ಕೊಡಿ, ಇಲ್ಲದಿದ್ದರೆ ಜೈಲಿಗೆ ಹೋಗಲು ತಯಾರಾಗಿ.

ನಾವು ಸಂಘದವರು ಹೋಗಿ ನೋಡುವಷ್ಟರಲ್ಲಿ ಇಬ್ಬರು ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿಕೊಟ್ಟಾಗಿತ್ತು. ಮೂರನೆಯವನು ಊರಿಗೆ ಓಡಿಹೋಗಿದ್ದ. ಉಳಿದವರು ನಮ್ಮನ್ನು ಸುತ್ತುಗಟ್ಟಿ ಕೇಳಿದ್ದು ಒಂದೇ ಮಾತು: "ಅಲ್ಲಣ್ಣ, ನಾವು ಬರೆದದ್ದು ನಿಜ ತಾನೇ? ನಿಜ ಹೇಳಿದರೆ ಅದು ಹೆಂಗೆ ಅಪರಾಧ ಆಗುತ್ತೆ?"

"ನಿಜ ಅಂತ ಯಾರಿಗೆ ಗೊತ್ತು?"

"ಎಲ್ಲಾರಿಗೂ ಗೊತ್ತು."

"ಕಣ್ಣಾರೆ ಕಂಡವರು ಯಾರು?"

ಯಾರೂ ಉಸಿರೆತ್ತಲಿಲ್ಲ. ಅಕ್ಕಿ ಮೂಟೆ ಹಿಂದಿನ ಬಾಗಿಲಿಂದ ಹೋದದ್ದನ್ನು ಕಂಡವಳು ಅಡುಗೆಗೆ ಸಹಾಯ ಮಾಡುವ ಒಬ್ಬ ಹೆಂಗಸಂತೆ. ದಿನಗೂಲಿಯವಳು. ಆಕೆ ಬಾಯಿ ಬಿಟ್ಟರೆ ಮಾರನೇ ದಿನ ಕೂಲಿ ಇಲ್ಲ. ಎಷ್ಟು ಮೂಟೆ, ಯಾವ ತಾರೀಖು, ದಾಸ್ತಾನು ಪುಸ್ತಕದಲ್ಲಿ ಏನಿದೆ, ಒಬ್ಬ ಹುಡುಗನೂ ನೋಡಿಲ್ಲ. ಮನೆ ಕಟ್ಟಿದ್ದು ಅಕ್ಕಿ ದುಡ್ಡಲ್ಲೇ ಅನ್ನೋದಕ್ಕೆ ಊರವರ ಮಾತು ಬಿಟ್ಟರೆ ಬೇರೇನೂ ಇಲ್ಲ. ಆ ವಾರ್ಡನ್ ಕದ್ದನೋ ಇಲ್ಲವೋ, ನಾನು ಹೇಳೋದಿಲ್ಲ. ನನ್ನ ಕೈಯಲ್ಲೂ ಕಾಗದ ಇಲ್ಲ.

ಮೊದಲು ಈ 'ಮಾನ' ಅನ್ನೋದರ ಬಗ್ಗೆ ಒಂದು ಮಾತು. 1860ರಲ್ಲಿ ಬ್ರಿಟಿಷರು ಮಾಡಿದ ದಂಡ ಸಂಹಿತೆಯ 499ನೇ ಕಲಮಿನಲ್ಲಿ ಮಾನಹಾನಿ ಅಂದರೇನು ಅಂತ ಬರೆದಿದೆ. ಅದರ ನಾಲ್ಕನೇ ವಿವರಣೆಯನ್ನು ಲಾ ಕಾಲೇಜಿಗೆ ಹೋಗುವ ನಮ್ಮ ಹುಡುಗರೂ ಬೇಗ ಬೇಗ ದಾಟಿಬಿಡುತ್ತಾರೆ. ಒಬ್ಬ ಮನುಷ್ಯನ ಹೆಸರು ಯಾವಾಗ ಕೆಡುತ್ತದೆ? ಅವನ ನಡತೆಯನ್ನೋ ಬುದ್ಧಿಯನ್ನೋ ಪರರ ಕಣ್ಣಲ್ಲಿ ಕೀಳು ಮಾಡಿದಾಗ, ಸಾಲ ಹುಟ್ಟದಂತೆ ಮಾಡಿದಾಗ, ಮತ್ತು ಅವನ ಜಾತಿಯ ಸಂಬಂಧದಲ್ಲಿ ಅಥವಾ ಕಸುಬಿನ ಸಂಬಂಧದಲ್ಲಿ ಅವನನ್ನು ಕೆಳಕ್ಕಿಳಿಸಿದಾಗ. ನೋಡಿದಿರಾ? ಜಾತಿಗೆ ಒಂದು ಮಾನ ಉಂಟು, ಅದು ಕುಗ್ಗಿದರೆ ನಷ್ಟವುಂಟು ಅಂತ ಕಾನೂನೇ ಲೆಕ್ಕ ಹಾಕಿಟ್ಟಿದೆ. ಹಾಗಾದರೆ ಯಾರ ಜಾತಿಯನ್ನು ಹುಟ್ಟಿನಿಂದಲೇ ತಳಕ್ಕೆ ತಳ್ಳಿದ್ದಾರೋ ಅವನಿಗೆ ಕಳಕೊಳ್ಳೋಕೆ ಏನು ಉಳಿದಿದೆ ಸ್ವಾಮಿ? 1 ಜುಲೈ 2024ರಿಂದ ಹಳೇ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ವಸಾಹತುಶಾಹಿಯ ಗುರುತು ಅಳಿಸಿದೆವು ಅಂತ ಡಂಗುರ ಹೊಡೆದರು. 499 ಹೋಗಿ 356 ಆಯಿತು. ಜಾತಿಯ ಮಾನ ಮಾತ್ರ ಅಕ್ಷರ ಕದಲದೆ ಅಲ್ಲೇ ಕೂತಿದೆ.

ಉಳ್ಳವರ ಮಾನಕ್ಕೂ ನಮ್ಮ ಮಾನಕ್ಕೂ ಕೇಳುವ ಸಾಕ್ಷಿಯನ್ನೂ ಒಂದಿಷ್ಟು ತೂಗಿ ನೋಡಿ. ಗಣ್ಯರ ಮಾನ ಹೋಗಲು ನೀವು ಬರೆದ ಕಾಗದವನ್ನು ಮೂರನೆಯ ಒಬ್ಬನೇ ಒಬ್ಬ ಓದಿದರೆ ಸಾಕು. ನಮ್ಮನ್ನು ಜಾತಿ ಹಿಡಿದು ಬೈದರೆ? 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅದು 'ಸಾರ್ವಜನಿಕರ ದೃಷ್ಟಿಗೆ ಬೀಳುವ' ಜಾಗದಲ್ಲಿ ಆಗಿರಬೇಕು. 2020ರಲ್ಲಿ ಹಿತೇಶ್ ವರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗೆ ಬೈದರೆ ಆ ಕಲಮಿನ ಕೆಳಗೆ ಬರೋದಿಲ್ಲ ಅಂತ. ಹಿತ್ತಿಲಲ್ಲಿ ನಿಲ್ಲಿಸಿ ಬೈಯುವುದು ನಮ್ಮ ಊರುಗಳಲ್ಲಿ ಹೊಸದೇ? ಬೈಯುವವನು ಸಾಕ್ಷಿಗೆ ಜನ ಕರೆಸಿ ಬೈತಾನೆಯೇ?

ನಿಜವೋ ಸುಳ್ಳೋ ಅಂತ ಕೇಳುವ ಮೊದಲೇ 'ಮಾನ ಹೋಯಿತು' ಅಂತ ಬೊಬ್ಬೆ ಹೊಡೆಯೋದು ಈ ನಾಡಿಗೆ ಹೊಸದಲ್ಲ. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಭೂಸಾ ಅಂತ ಒಂದು ಮಾತು ಆಡಿದರು. ಆ ಸಾಹಿತ್ಯದಲ್ಲಿ ನಮ್ಮವರ ಬದುಕು ಎಷ್ಟಿದೆ, ತೆಗೆದು ತೋರಿಸಿ ಅಂತ ಯಾರಾದರೂ ಲೆಕ್ಕಕ್ಕೆ ಕೂತರಾ? ಇಲ್ಲ. ಬೀದಿಗಿಳಿದು ಕಲ್ಲು ಹೊಡೆದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅಲ್ಲಿ ಕೋರ್ಟೂ ಇರಲಿಲ್ಲ, ಸಾಕ್ಷಿಕಟ್ಟೆಯೂ ಇರಲಿಲ್ಲ. ಕೋರ್ಟು ಇದ್ದರೆ ಕನಿಷ್ಠ ಒಂದು ಪ್ರಶ್ನೆಯಾದರೂ ಏಳುತ್ತೆ: ಆಡಿದ ಮಾತಿಗೆ ಆಧಾರ ಏನು?

ಆ ಪ್ರಶ್ನೆಗೆ ನಾವು ತಯಾರಿಲ್ಲ ಅನ್ನೋದೇ ನನ್ನ ತಕರಾರು. ವಾರ್ಡನ್ ಮೇಲಲ್ಲ, ನಮ್ಮವರ ಮೇಲೆ.

ನಮ್ಮ ಸಂಗಾತಿಗಳಲ್ಲಿ ಒಂದು ರೋಗ ಇದೆ. ವೇದಿಕೆ ಹತ್ತಿದರೆ ಮೈಕಿನ ಮುಂದೆ ಬೆಂಕಿ. 'ಸಾವಿರಾರು ವರ್ಷ ಉಂಡವರು ನಾವು, ನಮ್ಮ ನೋವಿಗೆ ಬೇರೆ ಪುರಾವೆ ಬೇಕಾ?' ನೋವಿಗೆ ಬೇಡ, ನಿಜ. ಆದರೆ ಇಂಥಾ ದಿನ ಇಂಥಾ ಮನುಷ್ಯ ಇಂಥಾದ್ದು ಮಾಡಿದ ಅಂತ ಬರೆದರೆ ಅದಕ್ಕೆ ಬೇಕು. ಕಾನೂನು ಅಷ್ಟಕ್ಕೂ ನಿಲ್ಲೋದಿಲ್ಲ. ಕ್ರಿಮಿನಲ್ ಮಾನಹಾನಿಯಲ್ಲಿ ಸತ್ಯವೊಂದೇ ಸಾಲದು. ಹೇಳಿದ್ದು ಸತ್ಯ ಆಗಿರಬೇಕು, ಹೇಳಿದ್ದರಿಂದ ಸಾರ್ವಜನಿಕರಿಗೆ ಹಿತ ಇತ್ತು ಅಂತಲೂ ತೋರಿಸಬೇಕು. ಎರಡನ್ನೂ ತೋರಿಸುವ ಹೊರೆ ಆರೋಪಿಯ ಮೇಲೆ. ಪರಿಹಾರದ ದುಡ್ಡು ಕೇಳುವ ಸಿವಿಲ್ ದಾವೆಯಲ್ಲಿ ಸತ್ಯವೊಂದು ರುಜುವಾತಾದರೆ ದಾವೆ ಬಿದ್ದುಹೋಗುತ್ತೆ. ಜೈಲಿಗೆ ಕಳಿಸುವ ಕೇಸಿನಲ್ಲಿ ಮಾತ್ರ ನಿಜ ಹೇಳಿದವನಿಗೂ ಇನ್ನೊಂದು ಪರೀಕ್ಷೆ. ಇದು ತಲೆಕೆಳಗಾದ ನ್ಯಾಯ. 13 ಮೇ 2016ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಬದ್ಧವೇ ಅಂತ ಎತ್ತಿ ಹಿಡಿಯಿತು. ಆ ತೀರ್ಪನ್ನು ನಾವು ಒಪ್ಪಬೇಕಿಲ್ಲ. ಮಾತಿಗೆ ಎರಡು ವರ್ಷ ಜೈಲು ಅನ್ನುವ ಕಲಂ ಹೋಗಲೇಬೇಕು. ಆದರೆ ಅದು ಹೋಗೋ ತನಕ ಅದರ ಬಾಯಿಗೆ ಸುಮ್ಮನೆ ತಲೆ ಕೊಡೋದು ಹೋರಾಟ ಅಲ್ಲ.

ಅದೇ ತೀರ್ಪಿನಲ್ಲಿ ನಮಗೆ ಬೇಕಾದ್ದೂ ಒಂದಿದೆ. ಮಾನಹಾನಿಗೆ ಪೊಲೀಸರು ಎಫ್‌ಐಆರ್ ಹಾಕುವಂತಿಲ್ಲ, ತನಿಖೆ ಮಾಡಿ ಅಂತ ಮ್ಯಾಜಿಸ್ಟ್ರೇಟರು ಹೇಳುವಂತಿಲ್ಲ. ಮಾನ ಹೋದವನೇ ಕೋರ್ಟಿಗೆ ಬಂದು ಖಾಸಗಿ ಫಿರ್ಯಾದು ಕೊಡಬೇಕು, ತಾನೇ ಸಾಕ್ಷಿಕಟ್ಟೆ ಹತ್ತಬೇಕು, ನಮ್ಮ ವಕೀಲರ ಪಾಟೀ ಸವಾಲಿಗೆ ಬಾಯಿ ಬಿಡಬೇಕು. 'ಪೊಲೀಸ್ ಕರೆಸ್ತೀನಿ' ಅನ್ನೋದು ಬರೀ ಗದರಿಕೆ. ವಕೀಲರ ನೋಟೀಸು ಅಂದರೆ ಕೇಸಲ್ಲ, ಅದೊಂದು ಕಾಗದ. ಅದಕ್ಕೆ ಹೆದರಿ ಬೆವರೋ ಬದಲು ಕೇಸು ಬಂದರೆ ಅವನು ಏನು ಸಾಬೀತು ಮಾಡಬೇಕು, ನಾವೇನು ಮಾಡಬೇಕು ಅಂತ ಕೂತು ಲೆಕ್ಕ ಹಾಕಿ.

ಅವನು ತೋರಿಸಬೇಕಾದ್ದು: ಆ ಮಾತು ನಿಮ್ಮದೇ, ಅದು ಅವನನ್ನೇ ಕುರಿತದ್ದು, ಬೇರೆಯವರಿಗೆ ಮುಟ್ಟಿತು, ಅವನ ಹೆಸರು ಕೆಡಿಸುವ ಉದ್ದೇಶವೋ ಕೆಡುತ್ತೆ ಅನ್ನುವ ತಿಳಿವೋ ನಿಮಗಿತ್ತು. ಸಾಕ್ಷ್ಯದ ಕಾನೂನು ಇವನ್ನು ವಿವಾದದ ಸಂಗತಿ ಅನ್ನುತ್ತೆ. ಇದಕ್ಕೆ ಅಂಟಿಕೊಂಡಿರುವ ಸಂಗತಿಗಳು ಮಾತ್ರ ಕೋರ್ಟಿಗೆ ಪ್ರಸ್ತುತ, ಉಳಿದದ್ದು ಎಷ್ಟೇ ನಿಜವಾಗಿರಲಿ ಬಾಗಿಲ ಹೊರಗೆ. 1872ರ ಕಾಯಿದೆಯಲ್ಲೂ ಹೀಗೇ ಇತ್ತು, ಅದರ ಜಾಗಕ್ಕೆ ಬಂದ 2023ರ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ.

ನಾವು ತೋರಿಸಬೇಕಾದ್ದು ಸತ್ಯ ಮತ್ತು ಜನಹಿತ. ಅದಾಗದಿದ್ದರೆ ಸದ್ಭಾವನೆ, ಅಂದರೆ ತಕ್ಕಷ್ಟು ಎಚ್ಚರ ವಹಿಸಿ, ವಿಚಾರಿಸಿ, ಆಮೇಲೆ ಬರೆದೆವು ಅನ್ನೋದು. ಇಲ್ಲಿ ಒಂದು ಹಳೇ ಕೇಸು ಬಾಯಿಪಾಠ ಮಾಡಿಕೊಳ್ಳಿ. ಪಂಜಾಬಿನ ಮುಖ್ಯಮಂತ್ರಿಯ ಮಗ ಕಳ್ಳಸಾಗಣೆಯವರ ಮುಂದಾಳು ಅಂತ ಪತ್ರಿಕೆಗೆ ಹೇಳಿಕೆ ಕೊಟ್ಟ ಹರ್‌ಭಜನ್ ಸಿಂಗ್ ಎಂಬುವರಿಗೆ ಕೆಳಗಿನ ಕೋರ್ಟುಗಳಲ್ಲಿ ಶಿಕ್ಷೆಯಾಗಿತ್ತು. 1965ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಆರೋಪಿಯಾದವನು ತನ್ನ ರಕ್ಷಣೆಯನ್ನು ಪೊಲೀಸರಂತೆ ಎಳ್ಳಷ್ಟೂ ಸಂಶಯ ಇಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ, ತೂಕ ತನ್ನ ಕಡೆ ಒಂದಿಷ್ಟು ಹೆಚ್ಚು ಬಿದ್ದರೆ ಸಾಕು ಅಂತ ಹೇಳಿತು. ಬರೆಯುವ ಮುಂಚೆ ನೀವು ಯಾರನ್ನು ಕೇಳಿದಿರಿ, ಯಾವ ಕಡತ ನೋಡಿದಿರಿ, ಆ ಕಡೆಯವನಿಗೆ ಏನು ಹೇಳ್ತೀಯಪ್ಪ ಅಂತ ಕೇಳಿದಿರಾ, ಈ ಓಡಾಟವೇ ನಾಳೆ ನಿಮ್ಮ ಸಾಕ್ಷಿ ಆಗುತ್ತೆ. ಓಡಾಡದೆ ಬರೆದವನಿಗೆ ಸದ್ಭಾವನೆಯೂ ಇಲ್ಲ.

ಈಗ ಆ ಪೋಸ್ಟರಿಗೇ ಬರೋಣ. 'ಅವನು ಎಂಥವನು ಅಂತ ಊರಿಗೇ ಗೊತ್ತು.' ಊರು ಸಾಕ್ಷಿಕಟ್ಟೆ ಹತ್ತೋದಿಲ್ಲ. ಕಂಡವನು ಬಂದು ಕಂಡೆ ಅನ್ನಬೇಕು, ಕೇಳಿದವನು ಕೇಳಿದೆ ಅನ್ನಬೇಕು; ಅವರು ಹೇಳಿದರು ಅಂತ ಇವರು ಹೇಳಿದರು ಅನ್ನೋದು ಕೇಳಿಕೆ ಮಾತು, ನಡೆಯೋದಿಲ್ಲ. 'ಹಿಂದಿನ ಹಾಸ್ಟೆಲಲ್ಲೂ ಹಿಂಗೇ ಮಾಡಿದ್ದ.' ಆ ಹಾಸ್ಟೆಲಿನ ಕಳವು ಈ ಹಾಸ್ಟೆಲಿನ ಕಳವನ್ನು ರುಜುವಾತು ಮಾಡೋದಿಲ್ಲ. ಸಿವಿಲ್ ದಾವೆಯಲ್ಲಿ ಒಬ್ಬನ ಗುಣ ಕೆಟ್ಟದ್ದು, ಆದ್ದರಿಂದ ಇದನ್ನೂ ಅವನೇ ಮಾಡಿರಬೇಕು ಅಂತ ವಾದಿಸುವಂತೆಯೇ ಇಲ್ಲ. ಗುಣದ ಮಾತು ಒಳಕ್ಕೆ ಬರೋದು ಎಷ್ಟು ಪರಿಹಾರ ಕೊಡಬೇಕು ಅನ್ನುವಾಗ. ಮೊದಲೇ ಹೆಸರು ಕೆಟ್ಟವನಿಗೆ ಹೋದ ಮಾನದ ಬೆಲೆ ಕಮ್ಮಿ, ಅಷ್ಟೆ.

ಅದೇ ಹುಡುಗರು ಹೀಗೆ ಬರೆದಿದ್ದರೆ? 'ಇಂಥಾ ತಿಂಗಳು ದಾಸ್ತಾನು ಪುಸ್ತಕದಲ್ಲಿ ಇಷ್ಟು ಕ್ವಿಂಟಾಲ್ ಅಕ್ಕಿ ಬಂದಿದೆ. ಹಾಜರಿ ಪುಸ್ತಕದಂತೆ ಇಷ್ಟು ಜನ ಉಂಡಿದ್ದೇವೆ. ಉಳಿಯಬೇಕಾದ ಇಷ್ಟು ಕಿಲೊ ಉಗ್ರಾಣದಲ್ಲಿಲ್ಲ. ವಾರ್ಡನ್ ಉತ್ತರ ಕೊಡಲಿ.' ಇದರಲ್ಲಿ ಕಳ್ಳ ಅನ್ನೋ ಪದ ಇಲ್ಲ, ಓದಿದವನಿಗೆ ಹೊಟ್ಟೆ ಉರಿಯೋದು ಮಾತ್ರ ಮೊದಲಿಗಿಂತ ಜಾಸ್ತಿ. ಈ ಲೆಕ್ಕ ಸರ್ಕಾರಿ ಕಡತದ್ದು. 1994ರ ರಾಜಗೋಪಾಲ್ ಪ್ರಕರಣದಿಂದ ಈಚೆಗೆ ಸಾರ್ವಜನಿಕ ದಾಖಲೆಯಲ್ಲಿ ಇರೋದನ್ನು ಪ್ರಕಟಿಸಿದರೆ ಸಾಮಾನ್ಯವಾಗಿ ತಕರಾರು ಎತ್ತುವಂತಿಲ್ಲ. ವಾರ್ಡನ್ ಸರ್ಕಾರಿ ನೌಕರ. ಅವನ ಕೆಲಸದ ಬಗ್ಗೆ ಸದ್ಭಾವನೆಯಿಂದ ಅಭಿಪ್ರಾಯ ಹೇಳೋಕೆ ಅದೇ ಕಲಂ ಎರಡನೇ ವಿನಾಯಿತಿ ಕೊಟ್ಟಿದೆ. ಬೇಜವಾಬ್ದಾರಿ ಮನುಷ್ಯ ಅನ್ನೋದು ಅಭಿಪ್ರಾಯ. ಕದ್ದ ಅನ್ನೋದು ಸಂಗತಿ. ಸಂಗತಿಗೆ ಸಾಕ್ಷಿ ಕೇಳುತ್ತಾರೆ.

"ಇದೆಲ್ಲಾ ಪಂಡಿತರ ಆಟ, ಹೋರಾಟಕ್ಕೆ ತಣ್ಣೀರು ಎರಚ್ತೀಯ" ಅಂತ ಒಬ್ಬ ಸಂಗಾತಿ ಬೈದ. ಅವನಿಗೆ ಗೌರಿ ಲಂಕೇಶರ ಕೇಸು ನೆನಪು ಮಾಡಿಕೊಟ್ಟೆ. 2008ರ ಜನವರಿಯಲ್ಲಿ ತಮ್ಮ ವಾರಪತ್ರಿಕೆಯಲ್ಲಿ ಬಿಜೆಪಿ ನಾಯಕರ ಬಗ್ಗೆ ಒಂದು ವರದಿ ಹಾಕಿದರು. ಎಂಟು ವರ್ಷ ಹುಬ್ಬಳ್ಳಿಗೆ ಅಲೆದರು. 2016ರ ನವೆಂಬರಿನಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟು ಆರು ತಿಂಗಳ ಶಿಕ್ಷೆ ಹಾಕಿತು. ವರದಿಗೆ ತಕ್ಕ ಪುರಾವೆ ಕೋರ್ಟಿನ ಮುಂದೆ ಬರಲಿಲ್ಲ ಅನ್ನೋದೇ ಕಾರಣ. ಅವರಿಗೆ ಜಾಮೀನು ಸಿಕ್ಕಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಮನೆ ಬಾಗಿಲಲ್ಲೇ ಗುಂಡು ಹೊಡೆದು ಕೊಂದರು. ಅವರ ಧೈರ್ಯದ ಮುಂದೆ ನಾವು ಯಾವ ಲೆಕ್ಕ? ಆದರೂ ಆ ಒಂದು ಕೇಸು ಹೇಳುವುದನ್ನು ಕೇಳಿಸಿಕೊಳ್ಳಬೇಕು: ಸುದ್ದಿ ಕೊಟ್ಟವರು ಎಂಟು ವರ್ಷದ ಮೇಲೆ ಕೋರ್ಟಿಗೆ ಬರ್ತಾರೆ ಅಂತ ನಂಬಿ ಕೂರುವ ಹಾಗಿಲ್ಲ. ಕಾಗದ ಆವತ್ತೇ ಕೈಗೆ ಬಂದಿರಬೇಕು.

ಕಾಗದವೇ ಇಲ್ಲದ ಸತ್ಯ? ನಮ್ಮ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಇದು. ಕೋಣೆಯೊಳಗೆ ಕೈ ಹಿಡಿದವನು ರಸೀತಿ ಕೊಡೋದಿಲ್ಲ. ಪತ್ರಕರ್ತೆ ಪ್ರಿಯಾ ರಮಾನಿ 1993ರಲ್ಲಿ ನಡೆದದ್ದನ್ನು 2018ರಲ್ಲಿ ಹೆಸರಿಟ್ಟು ಹೇಳಿದಾಗ, ಆಗ ಕೇಂದ್ರ ಮಂತ್ರಿಯಾಗಿದ್ದ ಎಂ. ಜೆ. ಅಕ್ಬರ್ ಮಾನಹಾನಿ ಕೇಸು ಹೂಡಿದರು. ಆಕೆಯ ಹತ್ತಿರ ಇದ್ದದ್ದು ಏನು? ತನ್ನ ಬಾಯಿಮಾತು, ಮತ್ತು ಆ ರಾತ್ರಿಯೇ ಫೋನಿನಲ್ಲಿ ವಿಷಯ ತಿಳಿದಿದ್ದ ಒಬ್ಬ ಗೆಳತಿ. ಗೆಳತಿ ಸಾಕ್ಷಿ ಹೇಳಿದಳು. ಕೋರ್ಟು ನಂಬಿತು. 17 ಫೆಬ್ರವರಿ 2021ರಂದು ದೆಹಲಿಯ ಕೋರ್ಟು ಆಕೆಯನ್ನು ಬಿಡುಗಡೆ ಮಾಡುತ್ತಾ, ಒಬ್ಬನ ಹೆಸರನ್ನು ಕಾಪಾಡೋಕೆ ಹೆಣ್ಣಿನ ಘನತೆಯನ್ನು ಬಲಿ ಕೊಡಲಾಗದು, ಎಷ್ಟೋ ವರ್ಷ ಕಳೆದ ಮೇಲೂ ಆಕೆ ಬಾಯಿ ಬಿಡಬಹುದು ಅನ್ನುವ ಅರ್ಥದ ಮಾತು ಹೇಳಿತು. ಆತ ಹೈಕೋರ್ಟಿಗೆ ಮೇಲ್ಮನವಿ ಹೋದರು, ಅದು ಬೇರೆ ವಿಷಯ. ನಮಗೆ ಮುಖ್ಯ ಆ ರಾತ್ರಿಯ ಫೋನು. ಆದದ್ದನ್ನು ಆದ ದಿನವೇ ನಂಬಿಕೆಯವರೊಬ್ಬರಿಗೆ ಹೇಳಿ. ಡೈರಿಯಲ್ಲಿ ತಾರೀಖು ಹಾಕಿ ಬರೆದಿಡಿ. ಮೊಬೈಲಿನ ಮೆಸೇಜು ಅಳಿಸಬೇಡಿ, ಆ ಫೋನನ್ನೇ ಜೋಪಾನ ಮಾಡಿ. ಅದರ ಪ್ರತಿ ಕೋರ್ಟಿಗೆ ಹೋಗಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಖಡಾಖಂಡಿತ ಹೇಳಿದೆ.

ಇನ್ನೂ ಹಳೇದೊಂದು. 1926ರಲ್ಲಿ ಪುಣೆಯಲ್ಲಿ ಬಾಗಡೆ, ಜೇಧೆ, ಜವಳಕರ್ ಎಂಬ ಮೂವರು ಬ್ರಾಹ್ಮಣೇತರ ಮುಖಂಡರ ಮೇಲೆ 'ದೇಶಾಚೇ ದುಶ್ಮನ್' ಅನ್ನೋ ಕಿರುಪುಸ್ತಕಕ್ಕಾಗಿ ಮಾನಹಾನಿ ಕೇಸು ನಡೆಯಿತು. ದೇಶ ಹಾಳಾಗಿದ್ದು ಬ್ರಾಹ್ಮಣರಿಂದ ಅನ್ನುವ ಕಟು ಬರವಣಿಗೆ. ಎದುರು ಕಡೆ ಭೋಪಟಕರ್ ಎಂಬ ಹೆಸರಾಂತ ವಕೀಲ. ಈ ಕಡೆ ನಿಂತವರು ಬಾಬಾಸಾಹೇಬರು. ಗೆದ್ದರು. ಅವರು ಕೋರ್ಟಿನ ಹೊರಗೆ ಭಾಷಣ ಬಿಗಿದು ಬಿಡಿಸಿಕೊಂಡು ಬರಲಿಲ್ಲ, ಒಳಗೆ ನಿಂತು ಕಾನೂನನ್ನೇ ಹಿಡಿದು ವಾದಿಸಿದರು. ಅವರ ಫೋಟೊ ನಮ್ಮ ಪ್ರತಿ ಹಾಸ್ಟೆಲಲ್ಲೂ ಇದೆ, ಕೈಯಲ್ಲಿ ಪುಸ್ತಕ ಹಿಡಿದುಕೊಂಡು. ಕೆಳಗೆ ನಿಂತು ನಾವು ದಾಸ್ತಾನು ಪುಸ್ತಕ ಓದದೆ ಪೋಸ್ಟರ್ ಬರೀತೀವಿ.

ಆ ಕ್ಷಮಾಪಣೆ ಪತ್ರದ ಮಾತು ಬಾಕಿ ಇದೆ. ಸಹಿ ಹಾಕಿದ ಇಬ್ಬರೂ ಅಂದುಕೊಂಡರು, ಪೀಡೆ ತೊಲಗಿತು ಅಂತ. ಆ ಕಾಗದದಲ್ಲಿ ವಕೀಲರು ಟೈಪು ಮಾಡಿಸಿದ್ದೇನು ಗೊತ್ತಾ? 'ನಾವು ದುರುದ್ದೇಶದಿಂದ, ಸುಳ್ಳೆಂದು ತಿಳಿದೂ ಬರೆದೆವು.' ಇದನ್ನು ಕಾನೂನು ಸ್ವೀಕಾರೋಕ್ತಿ ಅನ್ನುತ್ತೆ. ಅವನ ಕೈಯಲ್ಲಿ ಅವನಿಗೆ ಇಲ್ಲದಿದ್ದ ಸಾಕ್ಷಿಯನ್ನು ನಾವೇ ಬರ್ಕೊಟ್ಟ ಹಾಗಾಯಿತು. ಉದ್ದೇಶ ತೋರಿಸಬೇಕಾದ ಹೊರೆ ಅವನದಾಗಿತ್ತು, ಅದನ್ನು ಇಳಿಸಿ ನಮ್ಮ ತಲೆ ಮೇಲೆ ಹೊತ್ತುಕೊಂಡೆವು. ಸ್ವೀಕಾರೋಕ್ತಿಯೇ ಕೊನೆಯ ಮಾತಲ್ಲ, ಹೆದರಿಸಿ ಬರೆಸಿದ್ದು ಅಂತ ವಾದಿಸಬಹುದು. ಆದರೆ ಅದೂ ನಾವೇ ಸಾಬೀತು ಮಾಡಬೇಕಾದ ಇನ್ನೊಂದು ಸಂಗತಿ. ಯಾರೇ ಟೈಪು ಮಾಡಿದ ಕಾಗದ ತಂದು ಸಹಿ ಹಾಕು ಅಂದರೂ, ಪ್ರಿನ್ಸಿಪಾಲರೇ ಅನ್ನಲಿ, ಊರ ಯಜಮಾನರೇ ಅನ್ನಲಿ, ಹಾಕಬೇಡಿ. ಓದಿ ಹೇಳ್ತೀನಿ ಅಂತ ತಗೊಂಡು ಬನ್ನಿ.

ಗೋಡೆಗೆ ಅಂಟಿಸುವ ಮುಂಚೆ ದೂರು ಬರೆದು ಮೇಲಿನ ಅಧಿಕಾರಿಗೆ ಕೊಡೋದು ಹೇಡಿತನ ಅಂತ ತಿಳೀಬೇಡಿ. ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ಆರೋಪ ಮಾಡಿದರೆ ಅದು ಮಾನಹಾನಿ ಅಲ್ಲ, ಎಂಟನೇ ವಿನಾಯಿತಿ. ಅದಕ್ಕೆ ಸಿಕ್ಕ ಸ್ವೀಕೃತಿಯ ಮೊಹರೇ ನಾಳೆ ಪೋಸ್ಟರಿಗೂ ಆಧಾರ ಆಗುತ್ತೆ: ದೂರು ಕೊಟ್ಟೆವು, ಇಷ್ಟು ದಿನ ಕಾದೆವು, ಉತ್ತರ ಬರಲಿಲ್ಲ, ಜನರ ಮುಂದೆ ಇಟ್ಟೆವು. ಅವನು ಕೇಸು ಹಾಕಿದನಾ, ಹಾಕಲಿ. ದಾಸ್ತಾನು ಪುಸ್ತಕ ತರಿಸಿ ಅಂತ ನಮ್ಮ ವಕೀಲರು ಕೋರ್ಟಿಗೆ ಅರ್ಜಿ ಹಾಕಬಹುದು. ಎಷ್ಟೋ ನೋಟೀಸುಗಳು ಕೇಸಾಗದೆ ಸಾಯೋದು ಈ ಭಯಕ್ಕೇ ಅಂತ ನನ್ನ ಅನುಮಾನ.

ಆ ಹಾಸ್ಟೆಲಿನಲ್ಲಿ ಊರಿಗೆ ಓಡಿಹೋಗಿದ್ದನಲ್ಲ, ಆ ಮೂರನೇ ಹುಡುಗ, ಅವನು ವಾಪಸು ಬಂದ. ಸಹಿ ಹಾಕದೆ ಉಳಿದವನು ಅವನೊಬ್ಬನೇ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಆರು ತಿಂಗಳ ದಾಸ್ತಾನು ಪುಸ್ತಕದ ದೃಢೀಕೃತ ಪ್ರತಿ ಕೇಳಿದ್ದಾನೆ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೊದಲ ಸಲ ಉದ್ದ ಬರೆದಿದ್ದ, ತಿದ್ದಿಸಿ ಕಳಿಸಿದೆವು. ಮೂವತ್ತು ದಿನ ಕಳೆದರೂ ಉತ್ತರ ಬಂದಿಲ್ಲ. ಬರುವ ಭಾನುವಾರ ಅವನ ಕೋಣೆಯಲ್ಲಿ ಕೂತು ಮೇಲ್ಮನವಿ ಬರೆಯುತ್ತೇವೆ. ಹಾಜರಿ ಪುಸ್ತಕದ ಲೆಕ್ಕ ಕೂಡಲು ಇಬ್ಬರು ಬೇಕು, ಗಣಿತ ಬರುವವರು ಬನ್ನಿ.